ಬಾಗಿಲಿಗೊಂದು ‘ಫೂ’: ಬರೆಯೋದು ಹೇಗೆ, ಅಂಟಿಸೋದು ಎಲ್ಲಿ, ತಲೆಕೆಳಗು ಮಾಡೋದು ಯಾವಾಗ

ಚೀನೀ ಹೋಟೆಲಿನ ಬಾಗಿಲ ಮೇಲೆ ಕೆಂಪು ಕಾಗದದ ಚೌಕ ಅಂಟಿಸಿರೋದನ್ನು ನೋಡಿರುತ್ತೀರಿ. ಗಾಳಿಪಟದ ಹಾಗೆ ಮೂಲೆಯ ಮೇಲೆ ನಿಂತಿರುತ್ತದೆ. ಮಧ್ಯದಲ್ಲಿ ಕಪ್ಪು ಅಥವಾ ಚಿನ್ನದ ಬಣ್ಣದಲ್ಲಿ ಒಂದೇ ಒಂದು ಅಕ್ಷರ. ಎಷ್ಟೋ ಸಲ ಅದು ತಲೆಕೆಳಗಾಗಿರುತ್ತದೆ. ಅದರ ಹೆಸರೇ ‘ಫೂ’ (福).

ನಮ್ಮಲ್ಲಿ ಬಹಳ ಜನ ಇದನ್ನು ಅದೃಷ್ಟದ ಗುರುತು ಅಂದುಕೊಂಡಿದ್ದಾರೆ. ಗಿಫ್ಟ್ ಅಂಗಡಿಯಲ್ಲಿ ನಗುವ ಬುದ್ಧ, ಮೂರು ಕಾಲಿನ ಕಪ್ಪೆಯ ಪಕ್ಕ ಇದೂ ನೇತಾಡುತ್ತಿರುತ್ತದಲ್ಲ, ಅದಕ್ಕೇ ಇರಬೇಕು. ಆದರೆ ಇದು ಮಾತು. ಬಾಯಲ್ಲಿ ಹೇಳುತ್ತಾರೆ, ವಾಕ್ಯದಲ್ಲಿ ಬಳಸುತ್ತಾರೆ, ತಪ್ಪಾಗಿ ಬರೆದರೆ ನಗುತ್ತಾರೆ. ನಾನು ಬರೆದದ್ದನ್ನು ನೋಡಿ ನಕ್ಕಿದ್ದಾರೆ. ಆ ಕಥೆ ಮುಂದೆ ಬರುತ್ತೆ.

ಚೀನೀ ಹೊಸ ವರ್ಷ 2026ರಲ್ಲಿ ಫೆಬ್ರವರಿ 17ಕ್ಕೆ, 2027ರಲ್ಲಿ ಫೆಬ್ರವರಿ 6ಕ್ಕೆ. ಸಿಂಗಪುರ, ಶಾಂಘೈ, ಹಾಂಕಾಂಗ್ ಕಡೆ ಇರುವ ಕನ್ನಡಿಗರಿಗೆ ನೆರೆಮನೆಯವರ ಹಬ್ಬಕ್ಕೆ ಕೈಯಾರೆ ಬರೆದ ಫೂ ಕೊಡೋದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಕಲಿಯೋಕೆ ಒಂದು ಭಾನುವಾರ ಸಾಕು.

ಮೊದಲು ಬಾಯಿಗೆ ಬರಲಿ

‘ಹೌದಾ?’ ಅಂತ ಕೇಳುವಾಗ ಕೊನೆಯಲ್ಲಿ ದನಿ ಹೇಗೆ ಮೇಲಕ್ಕೆ ಹೋಗುತ್ತೋ ಹಾಗೆ ‘ಫೂ?’ ಅನ್ನಿ. ಸರಿಯಾಯಿತು. ಚೀನಾದ ಮುಖ್ಯ ಭಾಷೆ ಮ್ಯಾಂಡರಿನ್‌ನಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೂ ಬದಲು. ಆ ಏರಿಳಿತಗಳಲ್ಲಿ ಇದು ಎರಡನೇ ಸ್ವರ. ದನಿಯನ್ನು ಮೇಲಿಂದ ಕೆಳಕ್ಕೆ ಕಡಿದು ಹಾಕಿದಂತೆ ‘ಫೂ!’ ಅಂದರೆ ನಾಲ್ಕನೇ ಸ್ವರ ಆಗಿಬಿಡುತ್ತೆ. ಆಗ ಬರುವ ಅರ್ಥಗಳಲ್ಲಿ ಅಪ್ಪ, ಸಿರಿವಂತಿಕೆ, ದುಡ್ಡು ಕೊಡು ಎಲ್ಲ ಇವೆ. ಕುಂಗ್‌ಫೂನಲ್ಲಿರುವ ಫೂ ಬೇರೆ. ತೋಫುವಿನಲ್ಲಿರುವ ಫು ಕೂಡ ಬೇರೆ, ಅದರ ಅರ್ಥ ಕೊಳೆತದ್ದು ಅಂತ. ಆ ಅಕ್ಷರ ಬಾಗಿಲಿಗೆ ಬೇಡ.

ಅರ್ಥಕ್ಕೆ ಬಂದರೆ, ‘ಲಕ್’ ಅಂತ ಅನುವಾದ ಮಾಡಿಕೊಂಡರೆ ಅರ್ಧ ತಪ್ಪಿದಂತೆ. ಲಾಟರಿ ಹೊಡೆದರೆ ಚೀನಿಯರು ಅದನ್ನು ‘ಯುನ್ ಛಿ’ ಅನ್ನುತ್ತಾರೆ. ಮಕ್ಕಳು ಮುಪ್ಪಿನಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದರೆ, ಮನೆಯಲ್ಲಿ ನೆಮ್ಮದಿ ಇದ್ದರೆ ಅದು ‘ಫೂ ಛಿ’. ನಮ್ಮ ಅಜ್ಜಿಯರು ‘ಪುಣ್ಯವಂತೆ ಕಣೇ ನೀನು’ ಅನ್ನುವಾಗ ಆ ‘ಪುಣ್ಯ’ದಲ್ಲಿ ಏನಿರುತ್ತೋ, ಹೆಚ್ಚುಕಮ್ಮಿ ಅದೇ. ಭಾಗ್ಯ ಅಂದರೂ ನಡೆಯುತ್ತೆ.

ಅಕ್ಷರವನ್ನು ಬಿಡಿಸಿ ನೋಡಿ

ಕೈಯಲ್ಲಿ ಬ್ರಷ್ ಹಿಡಿಯೋ ಮುಂಚೆ ಒಳಗೆ ಏನಿದೆ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಚಿತ್ರ ಬಿಡಿಸಿದಂತಾಗುತ್ತೆ, ಬರೆದಂತೆ ಆಗೋದಿಲ್ಲ.

ಫೂಗೆ ಎರಡು ಭಾಗ. ಎಡಗಡೆ ತೆಳ್ಳಗಿನ ಭಾಗ ದೇವರಿಗೆ ಸಂಬಂಧಿಸಿದ್ದು. ಮೂಲದಲ್ಲಿ ಅದು ಪೂಜೆಯ ಪೀಠದ ಚಿತ್ರ. ಪೂಜೆ, ಪ್ರಾರ್ಥನೆ, ಪೂರ್ವಜರು ಅನ್ನೋ ಅರ್ಥದ ಅಕ್ಷರಗಳಲ್ಲೆಲ್ಲ ಇದು ಎಡಕ್ಕೆ ನಿಂತಿರುತ್ತೆ. ಬಲಗಡೆ ಮೇಲಿಂದ ಕೆಳಕ್ಕೆ ಮೂರು: ಒಂದು ಅಡ್ಡ ಗೆರೆ, ಒಂದು ಚಿಕ್ಕ ಚೌಕ, ಕೆಳಗೆ ನಾಲ್ಕು ಖಾನೆಯ ಕಿಟಕಿಯಂಥ ದೊಡ್ಡ ಚೌಕ. ಅಡ್ಡ ಗೆರೆ ಅಂದರೆ ಒಂದು. ಚಿಕ್ಕ ಚೌಕ ಅಂದರೆ ಬಾಯಿ. ಕಿಟಕಿ ಅಂದರೆ ಹೊಲ, ಬದು ಹಾಕಿದ ಹೊಲವನ್ನು ಮೇಲಿಂದ ನೋಡಿದ ಹಾಗೆ.

ದೇವರ ದಯೆ, ಒಂದು ಬಾಯಿಗೆ ಒಂದು ಹೊಲ. ಇದಕ್ಕಿಂತ ಭಾಗ್ಯ ಇನ್ನೇನು ಬೇಕು? ಚೀನಾದಲ್ಲಿ ಮಕ್ಕಳಿಗೆ ಹೀಗೇ ಹೇಳಿಕೊಡುತ್ತಾರೆ. ನೆನಪಿಟ್ಟುಕೊಳ್ಳೋಕೆ ಚೆನ್ನಾಗಿದೆ, ಆದರೆ ಅಕ್ಷರ ಹುಟ್ಟಿದ್ದು ಹಾಗಲ್ಲ. ಸುಮಾರು 3,200 ವರ್ಷಗಳ ಹಿಂದೆ, ಶಾಂಗ್ ರಾಜರ ಕಾಲದಲ್ಲಿ, ಆಮೆಯ ಚಿಪ್ಪು ಮತ್ತು ದನದ ಮೂಳೆಗಳ ಮೇಲೆ ಶಕುನದ ಪ್ರಶ್ನೆಗಳನ್ನು ಕೊರೆಯುತ್ತಿದ್ದರು. ಹೆನಾನ್ ಪ್ರಾಂತ್ಯದ ಆನ್‌ಯಾಂಗ್‌ನಲ್ಲಿ ಇಂಥ ಮೂಳೆಗಳು ರಾಶಿ ರಾಶಿ ಸಿಕ್ಕಿವೆ. ಅವುಗಳ ಮೇಲಿನ ಫೂ ನೋಡಿದರೆ ಹೊಲವೂ ಇಲ್ಲ, ಬಾಯಿಯೂ ಇಲ್ಲ. ಎರಡು ಕೈಗಳು ಹೊಟ್ಟೆ ಉಬ್ಬಿದ ಒಂದು ಮದ್ಯದ ಹೂಜಿಯನ್ನು ಪೀಠದ ಮುಂದೆ ಎತ್ತಿ ಹಿಡಿದಿವೆ. ಅಂದರೆ ಹಿರಿಯರಿಗೆ ಎಡೆ ಇಡೋ ಚಿತ್ರ. ಕಾಲ ಕಳೆದಂತೆ ಕೈಗಳು ಬಿದ್ದುಹೋದವು. ಹೂಜಿಯ ಕತ್ತು ‘ಬಾಯಿ’ ಆಯಿತು, ಹೊಟ್ಟೆ ‘ಹೊಲ’ ಆಯಿತು.

ನನಗಂತೂ ಹೊಲದ ಕಥೆಗಿಂತ ಹೂಜಿಯ ಕಥೆಯೇ ಇಷ್ಟ. ಬರೆಯುವಾಗಲೂ ಉಪಯೋಗಕ್ಕೆ ಬರುತ್ತೆ: ಬಲಭಾಗ ಹೂಜಿಯ ಹಾಗೆ ಮೇಲೆ ಸಣ್ಣ, ಕೆಳಗೆ ದಪ್ಪ ಇರಬೇಕು.

ಸಾಮಾನು ಜೋಡಿಸಿಕೊಳ್ಳಿ

ಕೆಂಪು ಕಾಗದ, ಒಂದಡಿ ಚೌಕ. ನಮ್ಮಲ್ಲಿ ಸಿಗುವ ಮಿರಮಿರ ಹೊಳೆಯುವ ಕಾಗದ ಬೇಡ, ಮಸಿ ಅದರ ಮೇಲೆ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಓಡಾಡುತ್ತೆ. ಹೊಳಪಿಲ್ಲದ ಕೆಂಪು ಹ್ಯಾಂಡ್‌ಮೇಡ್ ಕಾಗದ ಸಿಕ್ಕಿದರೆ ಚೆನ್ನ. ಚೀನೀ ಅಂಗಡಿಗಳಿರುವ ಊರಾದರೆ ಚಿನ್ನದ ಚುಕ್ಕೆ ಹಾಕಿದ, ಅಳತೆಗೆ ಕತ್ತರಿಸಿದ ಕಾಗದವೇ ಸಿಗುತ್ತೆ. ಬಿಳಿ ಕಾಗದದ ಮೇಲೆ ಕಪ್ಪು ಮಸಿಯಲ್ಲಿ ಬರೆದು ಯಾರ ಬಾಗಿಲಿಗೂ ಅಂಟಿಸಬೇಡಿ. ಸಾವಿನ ಮನೆಗೆ ಬರೆಯುವುದು ಹಾಗೆ.

ಬ್ರಷ್ಷಿನಲ್ಲಿ ಮೂರು ಬಗೆ. ಮೇಕೆ ಕೂದಲಿನದು ಮೆತ್ತಗೆ, ಹೊಸಬರ ಮಾತು ಕೇಳೋದಿಲ್ಲ. ‘ತೋಳದ ಕೂದಲು’ ಅಂತ ಹೆಸರಿಟ್ಟಿರೋದು ಗಡಸು. ಹೆಸರಷ್ಟೇ ತೋಳದ್ದು, ಕೂದಲು ಮುಂಗುಸಿಯಂಥ ಒಂದು ಪುಟ್ಟ ಪ್ರಾಣಿಯ ಬಾಲದ್ದು. ಎರಡನ್ನೂ ಬೆರೆಸಿದ್ದು ಮೂರನೆಯದು, ನಿಮಗೆ ಅದೇ ಸರಿ. ಮಸಿ ಬಾಟಲಿಯಲ್ಲೇ ಬರುತ್ತೆ. ಸಿಗದಿದ್ದರೆ ಕಪ್ಪು ಪೋಸ್ಟರ್ ಬಣ್ಣಕ್ಕೆ ಸ್ವಲ್ಪ ನೀರು ಹಾಕಿ, ತೆಳು ಮಜ್ಜಿಗೆಯ ಹದಕ್ಕೆ ತನ್ನಿ.

ಅಭ್ಯಾಸಕ್ಕೆ ಹಳೆಯ ಪೇಪರ್ ಸಾಕು. ಸುಧಾ ಆದರೂ ಸರಿ, ಪ್ರಜಾವಾಣಿ ಆದರೂ ಸರಿ. ಚೀನಾದಲ್ಲೂ ಕಲಿಯೋರು ಹಳೆ ಪೇಪರಿನ ಮೇಲೇ ಕೈ ತಿದ್ದೋದು.

ಹದಿಮೂರು ಗೆರೆ

ಕಾಗದವನ್ನು ಮೂಲೆ ಮೇಲಕ್ಕೆ ಬರುವಂತೆ ತಿರುಗಿಸಿಕೊಳ್ಳಿ. ಬ್ರಷ್ ಪೆನ್ನಿನ ಹಾಗೆ ಓರೆ ಬೇಡ, ದೀಪದ ಕಂಬದ ಹಾಗೆ ನೆಟ್ಟಗೆ ಹಿಡಿಯಿರಿ. ಮಸಿಯಲ್ಲಿ ಅದ್ದಿ ತಟ್ಟೆಯ ಅಂಚಿಗೆ ಒರೆಸಿ, ತೊಟ್ಟಿಕ್ಕದ ಹಾಗೆ. ಜಾಗವನ್ನು ಕಣ್ಣಲ್ಲೇ ಮೂರು ಪಾಲು ಮಾಡಿ. ಎಡದ ಭಾಗಕ್ಕೆ ಒಂದು ಪಾಲು, ಬಲಕ್ಕೆ ಎರಡು.

ಎಡದ ನಾಲ್ಕು ಗೆರೆ ಮೊದಲು. ಮೇಲೆ ಒಂದು ಚುಕ್ಕೆ. ಅದರ ಕೆಳಗೆ ಚಿಕ್ಕ ಅಡ್ಡ ಗೆರೆ ಎಳೆದು, ಬ್ರಷ್ ಎತ್ತದೆ ಎಡಕ್ಕೆ ಓರೆಯಾಗಿ ಕೆಳಗೆ ಜಾರಿಸಿ. ಎರಡೂ ಸೇರಿ ಒಂದೇ ಗೆರೆ ಅಂತ ಲೆಕ್ಕ. ಆಮೇಲೆ ಮಧ್ಯದಿಂದ ನೆಟ್ಟಗೆ ಕೆಳಕ್ಕೆ ಒಂದು ಗೆರೆ. ಕೊನೆಗೆ ಆ ಗೆರೆಯ ಬಲಕ್ಕೆ, ಮೇಲ್ಭಾಗದಲ್ಲಿ, ಒಂದು ಚಿಕ್ಕ ಚುಕ್ಕೆ.

ಇಲ್ಲೇ ನಿಲ್ಲಬೇಕು. ಬಲಕ್ಕೆ ಒಂದೇ ಚುಕ್ಕೆ!

ಸಿಂಗಪುರದಲ್ಲಿ ನಾನು ಮೊದಲ ಸಲ ಬರೆದಾಗ ಫೋಟೋ ನೋಡಿಕೊಂಡು ಬರೆದಿದ್ದೆ. ಅಲ್ಲಿ ಒಂದು ಚುಕ್ಕೆ ಒಂಟಿಯಾಗಿ ಕಂಡಿತೋ ಏನೋ, ಇನ್ನೊಂದು ಸೇರಿಸಿದೆ. ಎದುರು ಮನೆಯ ಆಂಟಿಗೆ ಹೆಮ್ಮೆಯಿಂದ ತೆಗೆದುಕೊಂಡು ಹೋಗಿ ಕೊಟ್ಟೆ. ಅಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಆಂಟಿ ಅಂತಲೇ ಕರೆಯೋದು. ಅವರು ಕನ್ನಡಕ ಏರಿಸಿ ನೋಡಿದರು. ಬೆರಳಿನಿಂದ ಆ ಹೆಚ್ಚಿನ ಚುಕ್ಕೆ ಮುಟ್ಟಿ, ತಮ್ಮ ರವಿಕೆಯ ತೋಳು ಹಿಡಿದು ಎಳೆದು ತೋರಿಸಿದರು. “ದೇವರಿರೋ ಜಾಗದಲ್ಲಿ ಬಟ್ಟೆ ಇಟ್ಟಿದ್ದೀಯಲ್ಲಪ್ಪಾ” ಅನ್ನೋ ಅರ್ಥದಲ್ಲಿ ಏನೋ ಹೇಳಿ ಗಟ್ಟಿಯಾಗಿ ನಕ್ಕರು. ನಿಜ, ಇನ್ನೊಂದು ಚುಕ್ಕೆ ಬಿದ್ದರೆ ಅದು ಬಟ್ಟೆಗೆ ಸಂಬಂಧಿಸಿದ ಅಕ್ಷರಗಳ ಎಡಭಾಗ. ಪ್ಯಾಂಟು, ಲಂಗ, ಅಂಗಿಯ ತೋಳು ಎಲ್ಲ ಅಲ್ಲಿಂದಲೇ ಶುರು. ಚೀನೀ ಮಕ್ಕಳೂ ಇದೇ ತಪ್ಪು ಮಾಡಿ ಶಾಲೆಯಲ್ಲಿ ಬೈಸಿಕೊಳ್ಳುತ್ತಾರೆ ಅಂತ ಆಂಟಿ ಸಮಾಧಾನ ಹೇಳಿದರು. ಆದರೂ ಅದನ್ನು ಅಂಟಿಸಲಿಲ್ಲ.

ಇನ್ನು ಬಲಕ್ಕೆ. ಐದನೆಯದು ಮೇಲಿನ ಅಡ್ಡ ಗೆರೆ. ಆರು, ಏಳು, ಎಂಟು ಸೇರಿ ಬಾಯಿ: ಎಡದ ನಿಂತ ಗೆರೆ, ಮೇಲಿನ ಅಡ್ಡ ಮತ್ತು ಬಲಬದಿ ಎರಡನ್ನೂ ಸೇರಿಸಿ, ಮೂಲೆಯಲ್ಲಿ ತಿರುಗಿಸಿ ಒಂದೇ ಗೆರೆ, ಕೆಳಗೆ ಮುಚ್ಚುವ ಗೆರೆ. ಬಾಯಿಯನ್ನು ಚಪ್ಪಟೆಯಾಗಿ ಬರೆಯಿರಿ, ಎತ್ತರ ಆದರೆ ಹೊಲಕ್ಕೆ ಜಾಗ ಇರಲ್ಲ.

ಹೊಲಕ್ಕೆ ಐದು ಗೆರೆ. ಎಡದ ನಿಂತ ಗೆರೆ, ಆಮೇಲೆ ಮೂಲೆ ತಿರುಗುವ ಗೆರೆ. ಈಗ ಕೆಳಗೆ ಮುಚ್ಚಿಬಿಡಬೇಕು ಅಂತ ಕೈ ಎಳೆಯುತ್ತೆ. ಮುಚ್ಚಬೇಡಿ. ಮೊದಲು ಒಳಗಿನ ಅಡ್ಡ ಗೆರೆ, ಆಮೇಲೆ ಒಳಗಿನ ನಿಂತ ಗೆರೆ, ಕೊನೆಗೆ ಹದಿಮೂರನೆಯದಾಗಿ ಕೆಳಗಿನ ಮುಚ್ಚುವ ಗೆರೆ. ಚೀನೀ ಬರವಣಿಗೆಯಲ್ಲಿ ಇದು ಎಲ್ಲ ಪೆಟ್ಟಿಗೆಗಳಿಗೂ ಇರುವ ನಿಯಮ: ಎಲ್ಲರೂ ಮನೆಯೊಳಗೆ ಬಂದ ಮೇಲೆ ಬಾಗಿಲು ಹಾಕು. ಬಾಗಿಲಿಗೇ ಅಂಟಿಸೋ ಅಕ್ಷರ ಇದು, ಮರೆಯೋದಿಲ್ಲ ಅಲ್ವಾ?

ಒಂದು ಗೆರೆ ಸೊಟ್ಟಗಾದರೆ ಮೇಲೆ ಮತ್ತೆ ತೀಡಬೇಡಿ. ತೀಡಿದ್ದು ಒಣಗಿದ ಮೇಲೆ ಎದ್ದು ಕಾಣುತ್ತೆ, ಗೊತ್ತಿದ್ದವರು ಒಂದು ನೋಟಕ್ಕೆ ಹಿಡಿಯುತ್ತಾರೆ. ಸೊಟ್ಟಗೇ ಇರಲಿ ಬಿಡಿ. ಚಪ್ಪಟೆ ಜಾಗದಲ್ಲಿಟ್ಟು ಒಂದು ಗಂಟೆ ಒಣಗಿಸಿ. ಫ್ಯಾನಿನ ಕೆಳಗೆ ಇಟ್ಟರೆ ಕಾಗದ ಮಡಚಿಕೊಂಡು ಮಸಿ ಹರಡುತ್ತೆ.

ನೆಟ್ಟಗೋ, ತಲೆಕೆಳಗೋ

ಎಲ್ಲರೂ ಕೇಳೋ ಪ್ರಶ್ನೆ ಇದು. ತಲೆಕೆಳಗು ಅನ್ನೋದಕ್ಕೆ ಮ್ಯಾಂಡರಿನ್‌ನಲ್ಲಿ ‘ದಾವ್’ ಅನ್ನುತ್ತಾರೆ. ಬಂತು, ತಲುಪಿತು ಅನ್ನೋದಕ್ಕೂ ‘ದಾವ್’. ಅಕ್ಷರ ಬೇರೆ, ಉಚ್ಚಾರ ಒಂದೇ, ಸ್ವರವೂ ಒಂದೇ. ಹಾಗಾಗಿ ಮನೆಗೆ ಬಂದವರು ‘ಅಯ್ಯೋ, ನಿಮ್ಮ ಫೂ ತಲೆಕೆಳಗಾಗಿದೆ’ ಅಂದರೆ, ‘ನಿಮ್ಮ ಭಾಗ್ಯ ಬಂತು’ ಅಂತಲೂ ಹೇಳಿದಂತಾಗುತ್ತೆ. ತಲೆಕೆಳಗಿನ ಫೂ ಒಂದು ಗಾಳ. ಯಾರಾದರೂ ಬಂದು ಜೋರಾಗಿ ಹೇಳಲಿ ಅಂತ ಕಾಯುತ್ತಿರುತ್ತೆ. ದೆವ್ವಕ್ಕೆ ‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೆದ ನಮಗೆ ಇದು ಬೇಗ ಅರ್ಥವಾಗುತ್ತೆ.

ಇದು ಶುರುವಾದದ್ದು ಹೇಗೆ ಅಂತ ಎರಡು ಕಥೆ ಹೇಳುತ್ತಾರೆ. ಒಂದು ಮಿಂಗ್ ವಂಶದ ಮೊದಲ ಚಕ್ರವರ್ತಿ ಝೂ ಯುವಾನ್‌ಜಾಂಗ್‌ನದು. ಯಾವುದೋ ಮನೆಯವರನ್ನು ಕೊಲ್ಲಿಸಲು ಗುರುತಿಗೆ ಬಾಗಿಲಿಗೆ ಫೂ ಅಂಟಿಸಿಸಿದನಂತೆ. ಮಹಾರಾಣಿ ಮಾ ರಾತ್ರೋರಾತ್ರಿ ಊರಿನ ಎಲ್ಲ ಬಾಗಿಲಿಗೂ ಅಂಟಿಸಲು ಹೇಳಿದಳಂತೆ. ಓದು ಬಾರದ ಒಬ್ಬ ತಲೆಕೆಳಗಾಗಿ ಅಂಟಿಸಿದ. ಚಕ್ರವರ್ತಿ ಅವನ ಮೇಲೆ ಕೆಂಡವಾದ. ‘ನೀವು ಬರ್ತೀರಿ ಅಂತ ಗೊತ್ತಾಗಿ, ಭಾಗ್ಯ ಬಂತು ಅಂತ ಹಾಕಿದ್ದಾನೆ’ ಅಂದು ರಾಣಿ ಅವನ ಜೀವ ಉಳಿಸಿದಳು. ಇನ್ನೊಂದು ಕಥೆ ಬೀಜಿಂಗ್‌ನ ರಾಜಕುಮಾರ ಗಾಂಗ್‌ನ ಅರಮನೆಯದು. ಅಲ್ಲಿ ತಪ್ಪು ಮಾಡಿದ್ದು ಆಳು, ಮಾತಿನಲ್ಲಿ ಉಳಿಸಿದ್ದು ಮೇಲ್ವಿಚಾರಕ. ಎರಡೂ ಕಟ್ಟುಕಥೆಗಳೇ, ಆದರೆ ಎರಡರಲ್ಲೂ ಬರುವವನು ಓದು ಬಾರದ ಬಡವ ಅನ್ನೋದು ಗಮನಿಸಿ.

ಎಲ್ಲ ಕಡೆ ತಲೆಕೆಳಗು ಮಾಡೋದು ಸರಿಯಲ್ಲ. ಹಳೆಯ ಪದ್ಧತಿ ಇಷ್ಟು: ಮುಂಬಾಗಿಲಿಗೆ ನೆಟ್ಟಗೆ. ಕಸದ ಬುಟ್ಟಿ, ನೀರಿನ ಹಂಡೆಗೆ ತಲೆಕೆಳಗು. ಯಾಕೆ ಅಂದರೆ ‘ದಾವ್’ಗೆ ಸುರಿದುಬಿಡು ಅನ್ನೋ ಅರ್ಥವೂ ಇದೆ. ಕಸ ಸುರಿಯುವಾಗ, ನೀರು ಚೆಲ್ಲುವಾಗ ಮನೆಯ ಭಾಗ್ಯವೂ ಹೋಗಿಬಿಟ್ಟರೆ? ಅದಕ್ಕೆ ಮೊದಲೇ ತಲೆಕೆಳಗು ಮಾಡಿ ‘ಬಂತು’ ಮಾಡಿಬಿಡೋದು. ಬೀರು, ಪೆಟ್ಟಿಗೆಯ ಮೇಲೂ ತಲೆಕೆಳಗು ಹಾಕುತ್ತಾರೆ. ಈಗ ಅಂಗಡಿಯಿಂದ ತಂದು ಮುಂಬಾಗಿಲಿಗೂ ತಲೆಕೆಳಗೇ ಅಂಟಿಸೋರು ಬೇಕಾದಷ್ಟು ಜನ. ತಪ್ಪು ಅಂತ ಯಾರೂ ಜಗಳಕ್ಕೆ ಬರಲ್ಲ. ಆದರೆ ನೀವು ಹೊಸಬರು, ನೆಟ್ಟಗೇ ಅಂಟಿಸಿ. ಅತಿಥಿ ಬರೋ ಬಾಗಿಲು ಅದು.

ನಮ್ಮ ಆಂಟಿ ಮನೆಯಲ್ಲಿ ಎಲ್ಲೂ ತಲೆಕೆಳಗು ಇರಲಿಲ್ಲ. ಕೇಳಿದೆ. ಅವರ ಮನೆಮಾತು ಹೊಕ್ಕಿಯನ್, ಚೀನಿಯರದೇ ಇನ್ನೊಂದು ಮಾತು. ಅದರಲ್ಲಿ ಬಂತು ಅನ್ನೋದಕ್ಕೆ ‘ಕೌ’ ಅನ್ನುತ್ತಾರಂತೆ. ತಲೆಕೆಳಗಿಗೂ ಅದಕ್ಕೂ ಪ್ರಾಸವೇ ಕೂಡೋದಿಲ್ಲ. “ನಮ್ಮ ಮಾತಲ್ಲಿ ತಿರುಗಿಸಿದರೆ ಬರೀ ತಿರುಗಿಸಿದ ಹಾಗೆ” ಅಂದರು.

ಯಾವಾಗ ಅಂಟಿಸೋದು, ಯಾವಾಗ ತೆಗೆಯೋದು

ಹಬ್ಬಕ್ಕೆ ಎರಡು ಮೂರು ದಿನ ಇರುವಾಗ, ಮನೆ ಗುಡಿಸಿ ಒರೆಸಿದ ಮೇಲೆ. ಹಿಂದಿನ ಕಾಲದಲ್ಲಿ ಹಿಟ್ಟಿನ ಗಂಜಿ ಕಾಯಿಸಿ ಅಂಟಿಸುತ್ತಿದ್ದರು, ಈಗ ಟೇಪು. ಒಂಟಿ ಬಾಗಿಲಾದರೆ ಕಣ್ಣಿನ ಎತ್ತರಕ್ಕೆ ಒಂದು, ಜೋಡಿ ಬಾಗಿಲಾದರೆ ಒಂದೊಂದಕ್ಕೆ ಒಂದು. ಹಬ್ಬ ಮುಗಿಯಿತು ಅಂತ ಕಿತ್ತು ಹಾಕಬೇಡಿ. ಬಣ್ಣ ಮಾಸಿ ಗುಲಾಬಿಯಾದರೂ ವರ್ಷವಿಡೀ ಇರುತ್ತೆ. ಮುಂದಿನ ಹಬ್ಬಕ್ಕೆ ಹಳೆಯದು ತೆಗೆದು ಹೊಸದು. ಆ ವರ್ಷ ಸಾವಾದ ಮನೆಗೆ ಕೆಂಪು ಕಾಗದ ಅಂಟಿಸೋದಿಲ್ಲ, ಹಾಗಾಗಿ ಕೊಡೋ ಮುಂಚೆ ಒಂದು ಮಾತು ವಿಚಾರಿಸಿ. ನಮ್ಮಲ್ಲೂ ಸೂತಕದ ಮನೆಯಲ್ಲಿ ಹಬ್ಬ ಮಾಡಲ್ಲವಲ್ಲ.

ಒಮ್ಮೆ ಕಲಿತರೆ ಎಲ್ಲೆಲ್ಲೂ ಕಾಣುತ್ತೆ

ಸಿಂಗಪುರದ ತೆಲೋಕ್ ಆಯರ್ ಬೀದಿಗೆ ಹೋಗಿ. ಅಲ್ಲಿ 1842ರಲ್ಲಿ ಕಟ್ಟಿ ಮುಗಿಸಿದ ಥಿಯಾನ್ ಹಾಕ್ ಕೆಂಗ್ ದೇವಸ್ಥಾನ ಇದೆ, ಸಮುದ್ರದ ತಾಯಿ ಮಾಝುವಿನದು. ಅದೇ ಬೀದಿಯಲ್ಲಿ ಫುಕ್ ತಕ್ ಚಿ ಅಂತ ಇನ್ನೊಂದು ಹಳೆಯ ಗುಡಿ ಇದೆ, ಈಗ ಅದು ಮ್ಯೂಸಿಯಂ. ಒಂದರಲ್ಲಿ ‘ಹಾಕ್’, ಇನ್ನೊಂದರಲ್ಲಿ ‘ಫುಕ್’. ಎರಡೂ ನಮ್ಮ ಫೂವೇ. ಮೊದಲನೆಯದನ್ನು ಹೊಕ್ಕಿಯನ್ ಜನ ಕಟ್ಟಿದರು, ಎರಡನೆಯದನ್ನು ಕ್ಯಾಂಟನೀಸ್ ಮತ್ತು ಹಕ್ಕಾ ಜನ. ಅಕ್ಷರ ಒಂದು, ನಾಲಗೆ ಹಲವು. ‘ಹೊಕ್ಕಿಯನ್’ ಅನ್ನೋ ಹೆಸರೇ ಫೂಜಿಯಾನ್ ಪ್ರಾಂತ್ಯದ ಹೆಸರಿನ ಅವರ ಉಚ್ಚಾರ. ಜಪಾನಿನ ಫುಕುಓಕಾ, ಫುಕುಶಿಮಾದ ‘ಫುಕು’ ಇದು. ಕೊರಿಯಾದವರು ಹೊಸ ವರ್ಷಕ್ಕೆ ‘ಬೊಕ್’ ಜಾಸ್ತಿ ಸಿಗಲಿ ಅಂತ ಹಾರೈಸುತ್ತಾರೆ, ಅದೂ ಇದೇ.

ಅಕ್ಷರ ಇಲ್ಲದೆಯೂ ಫೂ ಇರುತ್ತೆ. ಚೀನೀ ಪಿಂಗಾಣಿ, ರೇಷ್ಮೆ, ಹಳೆಯ ಮರದ ಕೆತ್ತನೆಯಲ್ಲಿ ಬಾವಲಿ ಕಂಡರೆ ಗಾಬರಿಯಾಗಬೇಡಿ. ನಮ್ಮಲ್ಲಿ ಬಾವಲಿ ಮನೆಯೊಳಗೆ ಬಂದರೆ ಅಪಶಕುನ. ಅಲ್ಲಿ ಬಾವಲಿಯ ಹೆಸರು ‘ಬಿಯೆನ್ ಫೂ’, ಕೊನೆಯ ಅಕ್ಷರದ ಉಚ್ಚಾರ ಭಾಗ್ಯದ್ದೇ, ಬಲಭಾಗವೂ ಅದೇ ಹೂಜಿ. ಐದು ಬಾವಲಿ ಒಟ್ಟಿಗಿದ್ದರೆ ಐದು ಭಾಗ್ಯ: ದೀರ್ಘಾಯುಸ್ಸು, ಸಂಪತ್ತು, ಆರೋಗ್ಯ ನೆಮ್ಮದಿ, ಒಳ್ಳೆಯತನದ ಮೇಲಿನ ಪ್ರೀತಿ, ಕೊನೆಗೆ ನರಳದೆ ಕಾಲ ಬಂದಾಗ ಹೋಗೋದು. ಚೀನಾದ ಬಹಳ ಹಳೆಯ ಗ್ರಂಥವೊಂದರಲ್ಲಿ ಈ ಪಟ್ಟಿ ಇದೆ. ಸುಖವಾದ ಸಾವನ್ನೂ ಭಾಗ್ಯಕ್ಕೆ ಸೇರಿಸಿದ್ದಾರೆ ನೋಡಿ. ಬೀಜಿಂಗ್‌ಗೆ ಹೋದರೆ ರಾಜಕುಮಾರ ಗಾಂಗ್‌ನ ಅರಮನೆಯಲ್ಲಿ ಎಲ್ಲಿ ನೋಡಿದರೂ ಬಾವಲಿ ಆಕಾರ, ಕೊಳ ಕೂಡ. ಅಲ್ಲಿನ ಕೃತಕ ಬೆಟ್ಟದ ಗುಹೆಯೊಳಗೆ ಚಕ್ರವರ್ತಿ ಕಾಂಗ್‌ಶಿ ಕೈಬರಹದ ಫೂ ಕೆತ್ತಿದ ಕಲ್ಲಿದೆ. ಜನ ಸಾಲು ನಿಂತು ನೋಡುತ್ತಾರೆ.

2016ರಲ್ಲಿ, ಚೀನಾದಲ್ಲಿ ದುಡ್ಡು ಕೊಡೋಕೆ ಬಳಸೋ ಅಲಿಪೇ ಆ್ಯಪ್‌ನಲ್ಲಿ ಹೊಸ ವರ್ಷಕ್ಕೆ ಐದು ಫೂ ಕಾರ್ಡು ಕೂಡಿಸೋ ಆಟ ಶುರುವಾಯಿತು. ಆಮೇಲೆ ಬಾಗಿಲ ಮೇಲಿನ ಫೂಗೆ ಫೋನಿನ ಕ್ಯಾಮೆರಾ ಹಿಡಿದರೂ ಕಾರ್ಡು ಸಿಗುವಂತಾಯಿತು. ಹಾಗಾಗಿ ಯಾರಾದರೂ ನಿಮ್ಮ ಬಾಗಿಲಿಗೆ ಫೋನ್ ಹಿಡಿದು ನಿಂತರೆ ಕಳ್ಳ ಅಂದುಕೊಳ್ಳಬೇಡಿ.

ಕೊನೆಗೆ ಬಾಯಿಮಾತಿಗೆ ನಾಲ್ಕು. ಒಳ್ಳೆಯ ಊಟ ಸಿಕ್ಕಿದವನಿಗೆ ‘ಖೌ ಫೂ’ ಇದೆ ಅನ್ನುತ್ತಾರೆ, ಬಾಯಿಯ ಭಾಗ್ಯ. ಸುಂದರವಾದದ್ದು ನೋಡಿದರೆ ‘ಯೆನ್ ಫೂ’, ಕಣ್ಣಿನ ಭಾಗ್ಯ. ಶುಭ ಹಾರೈಸೋದು ‘ಝು ಫೂ’. ನಾಲ್ಕನೆಯದು ‘ಫಾ ಫೂ’, ಅಕ್ಷರಕ್ಕೆ ಅಕ್ಷರ ಹೇಳಿದರೆ ಭಾಗ್ಯ ಅರಳಿತು ಅಂತ.

ಕಳೆದ ಸಲ ಸಿಂಗಪುರಕ್ಕೆ ಹೋದಾಗ ಆಂಟಿ ಬಾಗಿಲು ತೆಗೆದವರೇ “ಫಾ ಫೂ ಲ!” ಅಂದರು. ನಾನು ಕೈ ಮುಗಿದು ಥ್ಯಾಂಕ್ಸ್ ಹೇಳಿದೆ. ಅವರು ನನ್ನ ಹೊಟ್ಟೆ ತಟ್ಟಿದರು. ದಪ್ಪ ಆಗಿದ್ದೀಯ ಅನ್ನೋದಕ್ಕೆ ಅಲ್ಲಿ ಮರ್ಯಾದೆಯ ಮಾತು ಅದು.